ಮಾತಾಡದ ಲ್ಯಾಪ್‌ಟಾಪ್

“ಪರದೆ ಮೇಲೆ ಎರಡು ಸಾಲಿದೆ ಕಣ್ರೀ. ಮೇಲಿಂದು, ಡಿಸ್ಕಲ್ಲಿರೋದನ್ನೆಲ್ಲ ಅಳಿಸ್ಬುಟ್ಟು ಹೊಸದನ್ನ ಹಾಕ್ಲಾ ಅಂತ. ಕೆಳಗಿಂದು, ಜಾಗ ನೀವೇ ಆರಿಸಿ ಅಂತ.”

“ಆರಿಸೋ ಚುಕ್ಕಿ ಯಾವುದ್ರ ಮೇಲಿದೆ?” ನಾಗಾರ್ಜುನ ಕೇಳಿದ.

ಹೆಂಡತಿ ಶಿವಾನಿ ಪರದೆ ನೋಡುತ್ತ ಮೌಸ್ ಸರಿಸಿದಳು.

ಹುಟ್ಟಿನಿಂದ ಕಣ್ಣಿಲ್ಲದ ನಾಗಾರ್ಜುನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಲ್ಯಾಪ್‌ಟಾಪನ್ನು ನಡೆಸುತ್ತಿದ್ದ ಲಿನಕ್ಸ್ ತಂತ್ರಾಂಶ ಪರದೆಯ ಮೇಲಿನದನ್ನೆಲ್ಲ ಅವನಿಗೆ ಓದಿ ಹೇಳುತ್ತಿತ್ತು. ಅದು ಹಳೆಯದಾಗಿ ತಡವರಿಸತೊಡಗಿದಾಗ ಗೆಳೆಯ ರುದ್ರಸ್ವಾಮಿ ಉಬುಂಟು ಎಂಬ ಹೊಸ ಲಿನಕ್ಸಿನ ಸಿ.ಡಿ. ತಂದುಕೊಟ್ಟು, “ಹಾಕಿ ಮುಗಿಯೋವರ್ಗೂ ನಿನ್ ಮಿಷಿನ್ನು ಮಾತಾಡಕಿಲ್ಲ. ಕಣ್ಣಿರೋರ್ನ ಪಕ್ಕದಲ್ಲಿ ಕೂರಿಸ್ಕೊ” ಎಂದಿದ್ದ. ವರ್ಷಗಟ್ಟಲೆ ಟೈಪು ಮಾಡಿದ ಪಾಠಗಳೆಲ್ಲ ಆ ಡಿಸ್ಕಿನಲ್ಲೇ ಇದ್ದವು. ಬೇರೆ ಕಡೆ ನಕಲು ಮಾಡಿಟ್ಟಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಶಿವಾನಿಯೇ ಅವನಿಗೆ ಓದುತ್ತಿದ್ದಳು. ಸಂಜೆ ಕಾಫಿ ಮುಗಿಸಿ ಪುಸ್ತಕ ಹಿಡಿದರೆ ಇಬ್ಬರಿಗೂ ಕುಕ್ಕರಿನ ಕೂಗು ಕೇಳಿಸುತ್ತಿರಲಿಲ್ಲ. ಲ್ಯಾಪ್‌ಟಾಪ್ ಬಂದ ಮೇಲೆ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಒಮ್ಮೆ ಅವಳು ಪುಸ್ತಕ ಹಿಡಿದು ಬಂದಾಗ, “ಬೇಡ ಬಿಡೇ, ಇದು ನಿನಗಿಂತ ಬೇಗ ಓದುತ್ತೆ” ಎಂದಿದ್ದ. ಮತ್ತೆ ಅವಳು ಓದ್ಲಾ ಅಂತ ಕೇಳಿರಲಿಲ್ಲ.

ಆ ಮಾತು ಈಗ ಅವನಿಗೆ ನೆನಪಾಯಿತು. ಅವಳು ಮೇಲಿನದನ್ನೇ ಒತ್ತಿದರೂ ತನಗೆ ಗೊತ್ತಾಗುವುದಿಲ್ಲ.

“ಯಾಕೆ ಸುಮ್ಮನಾದೆ?”

“ಮೇಲಿನ್ ಸಾಲಿನ ಮೇಲಿತ್ತು. ಕೆಳಕ್ಕೆ ತಂದೆ.”

“ನಿಜ ತಾನೆ?”

“ನಂಬೋದಾದ್ರೆ ನಂಬಿ,” ಎಂದಳು. ಮೌಸ್ ಕಟಕ್ಕೆಂದಿತು.

ಡಿಸ್ಕಿನಲ್ಲಿ ಪಾಠಗಳಿದ್ದ ಭಾಗ ಬಿಟ್ಟು, ಹಳೆಯ ಲಿನಕ್ಸ್ ಇದ್ದ ಭಾಗವನ್ನಷ್ಟೇ ಆರಿಸಲು ಹೇಳಿದ. ಆರಿಸಿದೆ ಎಂದಳು. ಸಿ.ಡಿ. ಗರಗರ ತಿರುಗತೊಡಗಿತು. ಹೊರಗೆ ಸರಸ್ವತಿಪುರಂ ರಸ್ತೆಯಲ್ಲಿ ಟ್ಯುಟೋರಿಯಲ್ ಬಿಟ್ಟ ಹುಡುಗರ ಗಲಾಟೆ ಹತ್ತಿರ ಬಂದು ದೂರವಾಯಿತು.

“ಮುಗೀತಂತೆ. ಆಫ್ ಆಗಿ ಆನ್ ಆಗ್ತಿದೆ.”

ಓದುವ ದನಿ ಹೊರಡಿಸಲು ರುದ್ರಸ್ವಾಮಿ ಹೇಳಿಕೊಟ್ಟಿದ್ದ ಗುಂಡಿಗಳನ್ನು ನಾಗಾರ್ಜುನ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಕೊನೆಗೆ ಲ್ಯಾಪ್‌ಟಾಪಿನಿಂದ ಒರಟು ದನಿಯೊಂದು ಇಂಗ್ಲಿಷಿನಲ್ಲಿ ಏನೋ ಅಂದಿತು. ಪಾಠಗಳ ಫೋಲ್ಡರು ಹುಡುಕಿದ. ಹೊಯ್ಸಳರು, ವಿಜಯನಗರ, ಒಡೆಯರು, ಎಲ್ಲ ಇದ್ದವು.

“ಶಿವಾನಿ, ಎಲ್ಲ ಇದೆ ಕಣೇ!”

ದನಿ ಒಂದೊಂದೇ ಹೆಸರನ್ನು ಓದುತ್ತಲೇ ಇತ್ತು. ಅವನು ಪಕ್ಕಕ್ಕೆ ಕೈ ಚಾಚಿದ. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅವಳು ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು.