ಐದನೇ ದಿನದ ಕೊಯ್ಲು

ಹದಿನಾಲ್ಕು ತೋಟಗಳಿಗೆ ಸೇರಿ ಇದ್ದದ್ದು ಒಂದೇ ಸರ್ಟಿಫಿಕೇಟು. ಇಲ್ಲಿ ಬೆಳೆದ ಬೀನ್ಸ್ ತಿಂದರೆ ಯಾರ ಹೊಟ್ಟೆಗೂ ಕೇಡಿಲ್ಲ ಎಂದು ಹೇಳುವ ಆ ಕಾಗದ ಪ್ಯಾಕಿಂಗ್ ಶೆಡ್ಡಿನ ಗೋಡೆಯ ಮೇಲೆ ಗಾಜಿನೊಳಗೆ ಕೂತಿತ್ತು. ಅದು ಇರುವವರೆಗೆ ದೊಡ್ಡ ಅಂಗಡಿಗಳ ಲಾರಿ ಶೆಡ್ಡಿನ ಬಾಗಿಲಿಗೇ ಬರುತ್ತಿತ್ತು. ಅದು ಹೋದರೆ ಕಾಯಿ ಹೊತ್ತುಕೊಂಡು ಕೊಳ್ಳುವವರ ಕೈಕಾಲು ಹಿಡಿಯಬೇಕು.

ಬೆಳೆಗಾರರ ಸಂಘದ ಪರವಾಗಿ ಆ ಕಾಗದವನ್ನು ವರ್ಷ ವರ್ಷವೂ ಉಳಿಸಿಕೊಳ್ಳುವ ಹೊಣೆ ಡೈರಿಯಕ್ಕನದು. ಆ ಹೆಸರಿಟ್ಟವರು ಬೆಳೆಗಾರರೇ. ಯಾವ ದಿನ ಯಾವ ಔಷಧಿ ಹೊಡೆದಿರಿ, ಯಾವ ದಿನ ಕೊಯ್ದಿರಿ, ಕೊಯ್ಯುವ ಮುಂಚೆ ಕೈ ತೊಳೆದಿರೋ ಇಲ್ಲವೋ, ಎಲ್ಲವನ್ನೂ ಡೈರಿಯಲ್ಲಿ ಬರೆಸಿ, ಪುಟಪುಟವನ್ನೂ ನೋಡಿ, ಕೆಳಗೆ ರುಜು ಹಾಕುವುದು ಅವಳ ಕೆಲಸ. “ಮಾಡಬೇಕಾದ್ದನ್ನ ಬರೀಬೇಡಿ, ಮಾಡಿದ್ದನ್ನ ಬರೀರಿ” ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಆ ಮಾತು ಕಿವಿಗೆ ಹಾಕಿಕೊಂಡವನು ಒಬ್ಬನೇ, ಅವಳ ಸ್ವಂತ ಅಣ್ಣ. ಔಷಧಿ ಹೊಡೆದ ಮೇಲೆ ಏಳು ದಿನ ಕಾಯಿ ಮುಟ್ಟಬಾರದೆಂಬುದು ನಿಯಮ. ಉಳಿದವರು ವರ್ಷಕ್ಕೊಮ್ಮೆ ನಡೆಯುವ ಆಡಿಟ್ಟಿನ ಹಿಂದಿನ ವಾರ ಶೆಡ್ಡಿನಲ್ಲಿ ಗುಂಪಾಗಿ ಕೂತು, ಕ್ಯಾಲೆಂಡರ್ ಮುಂದಿಟ್ಟುಕೊಂಡು, ಕೊಯ್ದ ದಿನದಿಂದ ಹಿಂದಕ್ಕೆ ಏಳು ಎಣಿಸಿ ಔಷಧಿಯ ತಾರೀಖು ಬರೆಯುತ್ತಿದ್ದರು. ಡೈರಿಯಕ್ಕನಿಗೆ ಇದು ತಿಳಿಯದ್ದೇನಲ್ಲ. ವರ್ಷವಿಡೀ ಒಂದೇ ಪೆನ್ನು, ಮಳೆ ಹುಯ್ದ ದಿನವೂ ಔಷಧಿ. ರೇಗುತ್ತಿದ್ದಳು, ತಿದ್ದಿಸುತ್ತಿದ್ದಳು, ಕೊನೆಗೆ ರುಜು ಹಾಕುತ್ತಿದ್ದಳು. ಅಣ್ಣನ ಡೈರಿಗೆ ಮಾತ್ರ ಓದದೆಯೇ ಹಾಕುತ್ತಿದ್ದಳು. ಅವನ ಮೇಲೆ ಅಷ್ಟು ನಂಬಿಕೆ.

ಈ ಸಲ ಬಂದ ಆಡಿಟರು ಮೆತ್ತಗೆ ಮಾತಾಡುವ ಮನುಷ್ಯ. ತನ್ನ ಬೂಟನ್ನು ತಾನೇ ತೊಳೆದುಕೊಂಡು ಒಳಗೆ ಬಂದ. ಹದಿನಾಲ್ಕು ಡೈರಿಗಳ ರಾಶಿಯಿಂದ ನಾಲ್ಕನ್ನು ಎಳೆದುಕೊಂಡ. ಮೊದಲು ಸಿಕ್ಕಿದ್ದು ಎಲ್ಲರೂ ಮೀಸೆಯವನೆಂದು ಕರೆಯುವ ಬೆಳೆಗಾರನದು.

“ಏನ್ರೀ, ವರ್ಷಕ್ಕೆಲ್ಲ ಒಂದು ಚಿತ್ತೂ ಇಲ್ಲ?”

“ನಮ್ಮಪ್ಪ ಹೊಡೆದೂ ಹೊಡೆದೂ ಕಲಿಸಿದ ಅಕ್ಷರ ಸಾರ್” ಎಂದ ಮೀಸೆ. “ತಪ್ಪು ಬರೆಯೋಕೆ ಈಗ್ಲೂ ಬೆನ್ನು ಬಿಡಲ್ಲ.”

ಶೆಡ್ಡು ನಕ್ಕಿತು. ಆಡಿಟರೂ ನಕ್ಕು ಗುರುತು ಹಾಕಿಕೊಂಡ. ಎರಡನೆಯದೂ ಮೂರನೆಯದೂ ದಾಟಿದವು. ನಾಲ್ಕನೆಯದು ಅಣ್ಣನದು. ಮಣ್ಣಿನ ಬೆರಳಚ್ಚು, ಹೊಡೆದುಹಾಕಿದ ಸಾಲು, ಅರ್ಧ ಪೆನ್ಸಿಲ್ಲು ಅರ್ಧ ಪೆನ್ನು. ಆಡಿಟರ ಬೆರಳು ಒಂದು ಪುಟದಲ್ಲಿ ನಿಂತಿತು. ಅವನು ಗಟ್ಟಿಯಾಗಿಯೇ ಓದಿದ:

“‘ಔಷಧಿ ಹೊಡೆದು ಐದು ದಿನ. ಲಾರಿಗೆ ಆರು ಕ್ರೇಟು ಕಮ್ಮಿ ಬಿತ್ತು. ಕೊಯ್ದೆ. ತಪ್ಪು.’”

ಡೈರಿಯಕ್ಕ ಬಗ್ಗಿ ನೋಡಿದಳು. ಪುಟದ ಕೆಳಗೆ ಅವಳ ರುಜು ಇತ್ತು.

ಅವಳಿಗೆ ಆ ಬೆಳಿಗ್ಗೆ ನೆನಪಾಯಿತು. ಡ್ರೈವರು ಹಾರನ್ ಒತ್ತುತ್ತಿದ್ದ. ಅರೆ ಲೋಡು ಕಳಿಸಿದರೆ ನಮ್ಮ ಜಾಗ ಬೇರೆಯವರಿಗೆ ಹೋಗುತ್ತದೆಂಬ ಆತಂಕದಲ್ಲಿ ಅವಳೇ ಫೋನು ಮಾಡಿದ್ದಳು: “ಅಣ್ಣಾ, ಆರು ಕ್ರೇಟು ಕೊಯ್ದು ಕಳಿಸು.”

“ಏಳು ದಿನ ಆಗಿಲ್ವಲ್ಲೇ. ಹೊಡ್ದು ಇನ್ನೂ ಐದೇ ದಿನ.”

“ಎರಡು ದಿನದಲ್ಲಿ ಏನು ಮುಳುಗಿಹೋಗುತ್ತೆ? ನಾನು ನೋಡ್ಕೋತೀನಿ, ನೀನು ಕಳಿಸು.”

ಆ ಕಾಯಿ ಯಾರ ಮನೆಗೆ ಹೋಯಿತೋ, ಯಾವ ಮಗುವಿನ ತಟ್ಟೆಗೆ ಬಿತ್ತೋ, ಯಾರಿಗೆ ಗೊತ್ತು. ಲಾರಿ ಹೊರಟ ಮೇಲೆ ಅವಳು ಮರೆತಿದ್ದಳು. ಅವನು ಬರೆದಿಟ್ಟಿದ್ದ. ಎಲ್ಲವನ್ನೂ ಬರೆದವನು ಒಂದನ್ನು ಮಾತ್ರ ಬರೆದಿರಲಿಲ್ಲ: ಯಾರು ಹೇಳಿದರೆಂದು.

ಆಡಿಟರು ಕನ್ನಡಕ ತೆಗೆದು ಅಣ್ಣನ ಕಡೆ ನೋಡಿದ. “ಒಂದು ವಿಷಯ ಸ್ಪಷ್ಟ ಆಗ್ಬೇಕು. ನೀವೇ ಕೊಯ್ದಿದ್ರೆ ನಿಮ್ಮೊಬ್ಬರ ತೋಟ ಪಟ್ಟಿಯಿಂದ ಹೋಗುತ್ತೆ. ಸಂಘದವರು ಹೇಳಿ ಕೊಯ್ಸಿದ್ರೆ, ಅದು ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಎಲ್ಲರ ಕಾಗದಾನೂ ಹೋಗುತ್ತೆ. ಯಾರು ಹೇಳಿದ್ದು?”

ಬೀನ್ಸ್ ಆರಿಸುತ್ತಿದ್ದ ಹೆಂಗಸರ ಕೈಗಳೂ ನಿಂತವು. ಅಣ್ಣ ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ.

“ಯಾರೂ ಹೇಳ್ಲಿಲ್ಲ. ನಾನೇ ಕೊಯ್ದೆ.”

ಅವಳ ಬಾಯಿ ತೆರೆದಿತ್ತು. ಹದಿಮೂರು ಮನೆಯವರ ಅನ್ನ ಕಣ್ಣಮುಂದೆ ಬಂದದ್ದರಿಂದ ಸುಮ್ಮನಾದೆ ಎಂದು ಆಮೇಲೆ ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಆ ಮನೆಗಳು ನೆನಪಾದದ್ದು ಎರಡನೆಯದಾಗಿ. ಮೊದಲು ಕಣ್ಣಿಗೆ ಕಟ್ಟಿದ್ದು ಎಲ್ಲರೆದುರು ತಾನು ತಲೆ ತಗ್ಗಿಸಿ ನಿಂತ ಚಿತ್ರ.

“ನಿಮಗೆ ಗೊತ್ತಿರಲಿಲ್ವಮ್ಮ? ರುಜು ನಿಮ್ಮದೇ ಇದೆ.”

“ಆ ಪುಟ ನಾನು ಓದಿರಲಿಲ್ಲ ಸಾರ್” ಎಂದಳು. ಅದು ಅಕ್ಷರಶಃ ನಿಜವಾಗಿತ್ತು.

ಆಡಿಟರು ಅವಳಿಗೊಂದು ಎಚ್ಚರಿಕೆ ಬರೆದ, ಅಣ್ಣನ ತೋಟವನ್ನು ಪಟ್ಟಿಯಿಂದ ತೆಗೆದ. ಉಳಿದ ಹದಿಮೂರು ಪಾಸು. ಅವನ ಕಾರು ತಿರುವು ದಾಟಿತು. ಆಮೇಲೆ ಮೀಸೆಯವನು ಅಣ್ಣನ ಹೆಗಲ ಮೇಲೆ ಕೈಯಿಟ್ಟ.

“ಅಲ್ಲಯ್ಯ, ಕೊಯ್ದಿದ್ದು ಕೊಯ್ದೆ, ಬರೆಯೋ ತೆವಲು ಯಾಕೆ ಬಂತು ನಿನಗೆ? ನಾವೇನು ಎಲ್ಲ ಏಳು ದಿನ ಕಾಯ್ತೀವಾ?”

ಅಣ್ಣ ಆ ಕೈಯನ್ನು ಮೆಲ್ಲಗೆ ಇಳಿಸಿ ಹೊರಟುಹೋದ.

“ಪಾಪ, ಒಳ್ಳೆಯವನು” ಎಂದರು ಯಾರೋ. “ಒಳ್ಳೆಯವನೇ, ಬದುಕೋಕೆ ಬರಲ್ಲ” ಎಂದರು ಇನ್ಯಾರೋ. ಮೀಸೆಯವನು ಡೈರಿಯಕ್ಕನ ಕಡೆ ತಿರುಗಿ, “ಅಣ್ಣ ಅಂತಾನೂ ನೋಡ್ದೆ ನೆಟ್ಟಗೆ ನಿಂತ್ಯಲ್ಲಕ್ಕ, ನಿನ್ನ ಗಟ್ಟಿತನ ಮೆಚ್ಚಿದೆ” ಎಂದ. ಅವನು ಮನಸಾರೆ ಹೇಳಿದ್ದ. ಅವಳು ಡೈರಿಗಳ ರಾಶಿಯನ್ನು ಎತ್ತಿಡತೊಡಗಿದಳು.

ಪಟ್ಟಿಯಿಂದ ತೆಗೆದ ಪತ್ರಕ್ಕೆ ಬೆಳೆಗಾರನ ಸಹಿ ಬೇಕಿತ್ತು. ಸಂಜೆ ಅವಳೇ ತೆಗೆದುಕೊಂಡು ಹೋದಳು. ಅತ್ತಿಗೆ ಮೆಟ್ಟಿಲ ಮೇಲೆ ಕೂತು ಕ್ರೇಟು ತಿಕ್ಕಿ ತೊಳೆಯುತ್ತಿದ್ದಳು. ಇನ್ನು ಯಾವ ಲಾರಿಗೂ ಬೇಡದ ಕ್ರೇಟುಗಳು.

“ಅವತ್ತು ಫೋನು ಎತ್ತಿ ನಿಮ್ಮಣ್ಣನ ಕೈಗೆ ಕೊಟ್ಟಿದ್ದು ನಾನೇ ಕಣಮ್ಮ” ಎಂದಳು ಅತ್ತಿಗೆ, ತಲೆಯೆತ್ತದೆ. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ.

ಅಣ್ಣ ಪತ್ರವನ್ನು ಮೇಲಿಂದ ಕೆಳಗೆ ಪೂರ್ತಿ ಓದಿ ಸಹಿ ಹಾಕಿದ.

“ಅಣ್ಣಾ, ನಾಳೆ ಅವರಿಗೆ ಫೋನ್ ಮಾಡಿ ಹೇಳ್ಬಿಡ್ತೀನಿ. ನಾನೇ ಕೊಯ್ಯೋಕೆ ಹೇಳಿದ್ದು ಅಂತ.”

“ಬೇಡ. ಎಲ್ಲರ ಮನೆ ಯಾಕೆ ಹಾಳು ಮಾಡ್ತೀಯ.” ಪೆನ್ನಿನ ಮುಚ್ಚಳ ಹಾಕಿ ಕೊಟ್ಟ. “ಹೇಳೋಳಾಗಿದ್ರೆ ಅಲ್ಲೇ ಹೇಳ್ತಿದ್ದೆ.”

ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ. ಅವನು ಬೈಯಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ತೋಟದ ಗೇಟಿಗೆ ಬಿಗಿದಿದ್ದ ಸರ್ಟಿಫಿಕೇಟಿನ ನಂಬರಿನ ತಗಡನ್ನು ಬಿಚ್ಚಿ ಒಪ್ಪಿಸಬೇಕು. ಅವಳು ಕೈಯಲ್ಲೇ ತಿರುವಿ ನೋಡಿದಳು. ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಉಗುರು ಮುರಿಯಿತು. ಅಣ್ಣ ಅವಳನ್ನು ಸರಿಸಿ, ಸ್ಕ್ರೂಡ್ರೈವರ್ ತಂದು ತಾನೇ ನಾಲ್ಕೂ ಸ್ಕ್ರೂ ಬಿಚ್ಚಿ, ತಗಡಿನ ಮೇಲಿನ ಧೂಳನ್ನು ಅಂಗಿಯಲ್ಲಿ ಒರೆಸಿ ಅವಳ ಕೈಗಿಟ್ಟ.

“ಅಂಚು ಚೂಪಿದೆ. ಹುಷಾರಾಗಿ ಹಿಡ್ಕೋ.”

“ಬರ್ತೀನಣ್ಣ.”

ಅವನು ತಲೆಯಾಡಿಸಿದ. ಅವಳು ಹತ್ತು ಹೆಜ್ಜೆ ಹೋಗಿರಬಹುದು, ಹಿಂದೆ ಗೇಟಿಗೆ ಅಗುಳಿ ಬಿದ್ದ ಸದ್ದಾಯಿತು. ಆ ಗೇಟಿಗೆ ಕತ್ತಲಾಗುವ ಮುಂಚೆ ಅಗುಳಿ ಹಾಕಿದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.