ಅತ್ತೆಗೆ ಬೀದಿ ಬೇಕಂತೆ

ನಮ್ಮ ಹಳೇ ಓಣಿಯ ಬಾಯಿ ಹತ್ತು ಅಡಿ ಅಗಲ. ಆರನೇ ಮನೆ ನಮ್ಮದು, ಅಲ್ಲಿ ಎರಡೂವರೆ ಅಡಿ. ಯಾರೂ ಬೇಕಂತ ಹೀಗೆ ಮಾಡಿದ್ದಲ್ಲ. ಮನೆ ಕಟ್ಟುವಾಗ ಪ್ರತಿಯೊಬ್ಬರೂ ಪಕ್ಕದ ಗೋಡೆ ನೋಡಿ ದಾರ ಹಿಡಿದರು, "ಒಂದು ಗೇಣು ತಾನೇ" ಎಂದು ಮುಂದೆ ಬಂದರು. ಎದುರು ಸಾಲಿನವರೇನು ಕಮ್ಮಿಯೇ? ಅವರೂ ಬಂದರು. ಇವುಗಳಲ್ಲಿ ನಾಲ್ಕು ಮನೆ ಕಟ್ಟಿದ್ದು ನಮ್ಮ ಯಜಮಾನರೇ! ಗಾರೆ ಕೆಲಸದಲ್ಲಿ ಅವರದು ಎತ್ತಿದ ಕೈ.

ನಮ್ಮತ್ತೆಗೆ ಜನ, ಹರಟೆ ಅಂದರೆ ಪ್ರಾಣ. ವಯಸ್ಸಾಗಿ ಕಾಲು ಸೋತವು. ಮಗ ಪ್ರೀತಿಯಿಂದ ಗಾಲಿ ಕುರ್ಚಿ ತಂದರು. ಹೊಸ್ತಿಲು ದಾಟಿದ ಕೂಡಲೇ ಕುರ್ಚಿ ಎದುರು ಮನೆ ಮೆಟ್ಟಿಲಿಗೆ ಸಿಕ್ಕಿಕೊಂಡಿತು. ಅಂದಿನಿಂದ ಅತ್ತೆ ಒಳಗೇ ಉಳಿದರು.

ಎರಡು ವರ್ಷ ಕಳೆದ ಮೇಲೆ ಓಣಿಯ ಹಿಂದಿನ ಬಯಲಲ್ಲಿ, ಎದುರುಬದುರು ಆರಾರರಂತೆ, ಹನ್ನೆರಡು ಮನೆಯವರಿಗೆ ಜಾಗ ಸಿಕ್ಕಿತು. ಮೊದಲನೇ ಜಾಗ ನಮ್ಮದು. ಯಜಮಾನರು ಖುಷಿಯಿಂದ ದಾರ ಕಟ್ಟುತ್ತಿದ್ದರು. ತರಕಾರಿ ಮಾರುವ ಗಾಡಿ ಅಕ್ಕ ಅಲ್ಲೇ ಗಾಡಿ ನಿಲ್ಲಿಸಿದಳು.

"ಏನ್ ಮೇಸ್ತ್ರಿ, ಗಡಿ ಗೂಟ ಅಲ್ಲಿದೆ, ದಾರ ಒಂದು ಗೇಣು ಮುಂದಿದೆ?"

"ಅಮ್ಮನ ಕೋಣೆ ಸ್ವಲ್ಪ ದೊಡ್ಡದಾಗ್ಲಿ ಅಂತ ಅಕ್ಕಾ. ಒಂದು ಗೇಣಿಗೆ ಆಕಾಶ ಕಳಚಿ ಬೀಳುತ್ತಾ?"

"ನಿನ್ನದು ಮೊದಲನೇ ಮನೆ. ಪಕ್ಕದವನು ನಿನ್ನ ನೋಡಿ ಇನ್ನೊಂದು ಗೇಣು ಬರ್ತಾನೆ. ಅವನನ್ನ ನೋಡಿ ಮತ್ತೊಬ್ಬ. ನಾನು ದಿನಾ ಎಷ್ಟು ಓಣಿ ಸುತ್ತೋಳು, ಎಲ್ಲಾ ಕಡೆ ಇದೇ ಕಥೆ."

"ಹಂಗಾದ್ರೆ ಏನ್ ಮಾಡ್ಬೇಕು, ನೀವೇ ಹೇಳಿ ಇಂಜಿನಿಯರಮ್ಮಾ!"

ಅಕ್ಕ ನಕ್ಕಳು. "ಗೋಡೆ ನೋಡಿ ಅಳೀಬೇಡ. ಮೊದಲು ಬೀದಿ ನಡುಮಧ್ಯೆ ಸಾಲಾಗಿ ಗೂಟ ಹೊಡೀರಿ. ಅಲ್ಲಿಂದ ಆ ಕಡೆ ಆರಡಿ, ಈ ಕಡೆ ಆರಡಿ ಎಲ್ಲರೂ ಬಿಡಿ. ಮೆಟ್ಟಿಲು, ಜಗಲಿ ನಿಮ್ಮ ಜಾಗದೊಳಗೇ ಇರ್ಲಿ. ಬೀದಿಯ ಆ ತುದೀನೂ ರಸ್ತೆಗೆ ಸೇರ್ಲಿ. ಆಂಬ್ಯುಲೆನ್ಸ್ ಬರ್ಬೇಕು, ನೀರಿನ ಪೈಪು, ಚರಂಡಿ, ದೀಪದ ಕಂಬ ಎಲ್ಲಾ ಬರ್ಬೇಕಲ್ವಾ? ಮನೇನ ನಾಳೆ ಮೇಲಕ್ಕೆ ಏರಿಸ್ಕೋಬಹುದು. ಬೀದೀನ ಎಲ್ಲಿಗೆ ಏರಿಸ್ತೀಯಾ?"

"ಬಂದ್ಬಿಟ್ಲು ಬುದ್ಧಿ ಹೇಳೋಕೆ" ಎಂದು ಯಜಮಾನರು ಗೊಣಗಿದರು. ನಾನು ಸುಮ್ಮನಿರುತ್ತೇನೆಯೇ? ಹೋಗಿ ಅತ್ತೆಯ ಕಿವಿಗೆ ಹಾಕಿದೆ.

"ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು ಮಗಳೇ" ಎಂದರು ಅತ್ತೆ. ನಾಲ್ಕು ಜನ ಕುರ್ಚಿ ಎತ್ತಿಕೊಂಡು ಬಯಲಿಗೆ ತಂದೆವು. ಹನ್ನೆರಡು ಮನೆಯವರೂ ಸೇರಿದರು.

ಎಲ್ಲರೂ ಪಕ್ಕದವರಿಗಿಂತ ಒಂದೊಂದು ಗೇಣು ಮುಂದೆ ಬಂದರೆ ಬೀದಿ ಹೇಗಿರುತ್ತದೆಂದು ಗಾಡಿ ಅಕ್ಕ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ತೋರಿಸಿದಳು. ಅತ್ತೆ ತಾವೇ ಚಕ್ರ ತಿರುಗಿಸುತ್ತಾ ಹೊರಟರು. ಆರನೇ ಮನೆ ಹತ್ತಿರ ಬರುವಾಗ ಬೀದಿಗೆ ಉಳಿದದ್ದು ಮೂರೇ ಅಡಿ. ವಾಪಸು ತಿರುಗಲು ಹೋದರು, ಚಕ್ರ ಗೆರೆ ದಾಟಿತು.

"ಅಯ್ಯೋ ಅಜ್ಜಿ, ಗೋಡೆ ಒಡ್ಕೊಂಡು ನನ್ನ ಅಡುಗೆಮನೆಗೇ ನುಗ್ಗಿದ್ರಲ್ಲ!" ಎಂದ ಆ ಜಾಗದ ದರ್ಜಿ. ಬಯಲೆಲ್ಲಾ ನಗು. ಅತ್ತೆಯೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಮಗನ ಕೈ ಹಿಡಿದರು. "ನನಗೆ ದೊಡ್ಡ ಕೋಣೆ ಬೇಡ ಕಣಪ್ಪಾ. ಎರಡು ವರ್ಷ ಕೋಣೆ ನೋಡಿ ನೋಡಿ ಸಾಕಾಗಿದೆ. ನನಗೆ ಬೀದಿ ಬೇಕು."

ಯಜಮಾನರ ಕಣ್ಣು ತುಂಬಿ ಬಂತು. ಹೋಗಿ ತಮ್ಮ ದಾರವನ್ನು ತಾವೇ ಬಿಚ್ಚಿದರು. ಬೀದಿ ನಡುವಿನ ಮೊದಲ ಗೂಟ ಹೊಡೆದದ್ದೂ ಅವರೇ. ಮಿಕ್ಕ ಹನ್ನೊಂದು ಮನೆಯವರು ಆ ಅಳತೆಗೆ ಒಪ್ಪಿ ಕಾಗದದ ಮೇಲೆ ಸಹಿ ಹಾಕಿದರು.

ಈಗ ಹನ್ನೆರಡೂ ಮನೆ ಎದ್ದಿವೆ, ನಡುವೆ ಹನ್ನೆರಡು ಅಡಿ ಬೀದಿ. ಅತ್ತೆ? ಬೆಳಿಗ್ಗೆ ಹೋದವರು ಊಟದ ಹೊತ್ತಾದರೂ ಪತ್ತೆ ಇರುವುದಿಲ್ಲ. ಯಜಮಾನರು ಮನೆಮನೆ ಇಣುಕಿ, "ನಮ್ಮಮ್ಮನ್ನ ನೋಡಿದ್ರಾ?" ಎಂದು ಹುಡುಕಬೇಕು. ಹುಡುಕಲಿ ಬಿಡಿ, ನನಗಂತೂ ಸಂತೋಷವೇ.

ಹೊಸ ಜಾಗದಲ್ಲಿ ಮನೆ ಕಟ್ಟಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ಇಟ್ಟಿಗೆ ತರಿಸುವ ಮೊದಲು ಅಕ್ಕಪಕ್ಕದವರನ್ನು ಸೇರಿಸಿ. ನಡುವೆ ಗೂಟ ಹೊಡೆದು ಬೀದಿಯನ್ನು ಮೊದಲು ಬಿಡಿ. ನಿಮ್ಮ ಮನೆಯಲ್ಲೂ ಹೊರಗೆ ಹೋಗಬೇಕೆಂದು ಬಾಗಿಲು ನೋಡುತ್ತಾ ಕೂತವರು ಇರುತ್ತಾರೆ. ಅವರಿಗೆ ದಾರಿ ಬಿಡಿ.