ಪಟ್ಟಿಯಲ್ಲಿಲ್ಲದ ಪರೀಕ್ಷೆ

ಮೇ ಮೂವತ್ತು, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಅರ್ಪಿತ ನೆಟ್‌ವರ್ಕ್ ಕೇಬಲ್ ಕಿತ್ತಳು, ಮೋಟಾರು ನಿಲ್ಲಲಿಲ್ಲ.

ಅದು ಬರೀ ಫೋಟೊಗೆಂದು ಮಾಡಿದ ಪರೀಕ್ಷೆ. ಅವಳು ಕೆಲಸ ಮಾಡುವ, ಮದ್ದೂರಿನ ಹೊರಗಿರುವ ಪ್ರಯೋಗಾಲಯದಲ್ಲಿ ಪ್ರಮಾಣಪತ್ರ ಕೊಡುವ ದಿನ ಯಾವುದಾದರೂ ಒಂದು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಫೋಟೊ ತೆಗೆದು ವರದಿಗೆ ಲಗತ್ತಿಸುವುದು ವಾಡಿಕೆ. ಮಳವಳ್ಳಿಯ ಯತೀಶ್ ತನ್ನ ಶೆಡ್ಡಿನಲ್ಲಿ ತಯಾರಿಸಿದ, ಟಿಫಿನ್ ಡಬ್ಬಿಯಷ್ಟಿದ್ದ ಈ ಸಾಧನ ನಿಯಮದ ಪಟ್ಟಿಯ ನೂರ ನಲವತ್ತೆರಡು ಪರೀಕ್ಷೆಗಳನ್ನೂ ಮೇ ಎರಡಕ್ಕೇ ಪಾಸು ಮಾಡಿತ್ತು. ಕಂಟ್ರೋಲ್ ರೂಮಿನ ಆಜ್ಞೆಯನ್ನು ಮೋಟಾರಿಗೆ ಮುಟ್ಟಿಸುವುದು ಅದರ ಕೆಲಸ. ಸಂಪರ್ಕ ಕಡಿದರೆ ನೂರು ಮಿಲಿಸೆಕೆಂಡಿನೊಳಗೆ, ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ, ಅದು ಮೋಟಾರನ್ನು ನಿಲ್ಲಿಸಬೇಕು.

ಇಂಥ ನಲವತ್ತು ಡಬ್ಬಿಗಳು ಒಂದು ಸಕ್ಕರೆ ಕಾರ್ಖಾನೆಗೆ ಹೋಗಲಿದ್ದವು. ಕಬ್ಬನ್ನು ಕತ್ತರಿಸುವ ಯಂತ್ರಕ್ಕೆ ಸಾಗಿಸುವ ಕ್ಯಾರಿಯರ್ ಇವುಗಳ ಹಿಡಿತದಲ್ಲಿ ಓಡುತ್ತದೆ. ಆ ಕ್ಯಾರಿಯರ್ ಬದಿಯಲ್ಲಿ ನಿಂತು, ಸಿಕ್ಕಿಕೊಂಡ ಜಲ್ಲೆ ಬಿಡಿಸುವವನು ಅರ್ಪಿತಳ ಅಣ್ಣ ಪುಟ್ಟರಾಜು.

ಕೇಬಲ್ ಚುಚ್ಚಿ ಇನ್ನೊಮ್ಮೆ ಕಿತ್ತಳು. ಮೋಟಾರು ತಿರುಗುತ್ತಲೇ ಇತ್ತು. ಸಾಧನ ಎಷ್ಟು ಹೊತ್ತಿನಿಂದ ಚಾಲೂ ಇದೆಯೆಂದು ಪರದೆಯಲ್ಲಿ ನೋಡಿದಳು: ಇಪ್ಪತ್ತೈದು ದಿನ, ಐದು ಗಂಟೆ.

ಅದು ಆಗುವ ಮಾತಲ್ಲ. ನಾಲ್ಕು ವರ್ಷದ ಹಿಂದೆ ಶಾರ್ಟ್ ಸರ್ಕ್ಯೂಟಾಗಿ ಒಂದು ಮೇಜು ಸುಟ್ಟ ಮೇಲೆ, ಸಂಜೆ ಆರಕ್ಕೆ ಅಟೆಂಡರ್ ಅಂಕಯ್ಯ ಮೇನ್ ಸ್ವಿಚ್ ಇಳಿಸುತ್ತಾನೆ. ಒಂದು ದಿನವೂ ತಪ್ಪಿಸಿದವನಲ್ಲ.

“ಅಂಕಯ್ಯಣ್ಣ, ಇದರ ಪ್ಲಗ್ಗನ್ನ ಯುಪಿಎಸ್‌ಗೆ ಹಾಕಿದ್ಯಾರು?”

“ನಾನೇ ಕಣವ್ವ. ಆ ಪಾಯಿಂಟಲ್ಲಿ ನನ್ ಫೋನು ಚಾರ್ಜಿಗಾಕ್ಬೇಕಿತ್ತು, ಇದನ್ನ ಆ ಕಡೀಕ್ ಚುಚ್ಚಿದ್ದೆ. ವಾಪಸ್ ಆಕೋದು ಮರ್ತೇ ಓಯ್ತು. ಸುಟ್ಟುಗಿಟ್ಟೋಯ್ತಾ?”

ಯುಪಿಎಸ್‌ಗೆ ಮೇನ್ ಸ್ವಿಚ್ಚಿನ ಹಂಗಿಲ್ಲ. ಸರ್ವರಿಗಾಗಿ ಅದಕ್ಕೆ ಬೇರೆಯೇ ಲೈನು. ಹೀಗಾಗಿ, ಬೇರೆಲ್ಲ ಸಾಧನಗಳೂ ಒಂಬತ್ತು ಗಂಟೆ ಓಡಿ ಮಲಗುವ ಆ ಕೋಣೆಯಲ್ಲಿ ಇದೊಂದು ಯಾರಿಗೂ ತಿಳಿಯದಂತೆ ಎಚ್ಚರವಾಗಿತ್ತು. ಅರ್ಪಿತ ಅದನ್ನು ಆರಿಸಿ, ಹಾಕಿ, ಕೇಬಲ್ ಕಿತ್ತಳು. ಎಂಬತ್ತು ಮಿಲಿಸೆಕೆಂಡಿಗೆ ಮೋಟಾರು ನಿಂತಿತು.

ಯತೀಶನಿಗೆ ಫೋನ್ ಮಾಡಿದಳು. ಅರ್ಧ ಗಂಟೆ ಬಿಟ್ಟು ಅವನೇ ಮಾಡಿದ.

“ಒಳಗಿನ ಟೈಮಿನ ಎಣಿಕೆ ತುಂಬ್ಕಂಡು ಮೈನಸ್ಸಿಗೆ ಓಯ್ತದೆ ಮೇಡಂ. ಇಪ್ಪತ್ನಾಕು ದಿನ ಇಪ್ಪತ್ತು ಗಂಟೆ ಆದ್ಮೇಲೆ. ಆಮೇಲೆ ಲೈನ್ ಕಡಿದ್ರೂ ಎಷ್ಟು ಹೊತ್ತಾಯ್ತು ಅಂತ ಅದ್ಕೆ ಗೊತ್ತಾಗಲ್ಲ. ಮುಂದಿನ ಬ್ಯಾಚಲ್ಲಿ ಸರಿ ಮಾಡ್ಬುಡ್ತೀನಿ.”

“ಈ ನಲವತ್ತು?”

“ಪ್ಯಾಕ್ ಆಗ್ಬುಟ್ಟವೆ ಮೇಡಂ.”

ಪ್ರಯೋಗಾಲಯದ ಮುಖ್ಯಸ್ಥ ಲಿಂಗರಾಜು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

“ಪಟ್ಟೀಲಿರೋ ನೂರ ನಲವತ್ತೆರಡರಲ್ಲಿ ಯಾವ್ದು ಫೇಲಾಗ್ಯದೆ, ಹೇಳಮ್ಮ.”

“ಯಾವ್ದೂ ಇಲ್ಲ ಸಾರ್.”

“ಇಪ್ಪತ್ತೈದು ದಿನ ಓಡಿಸ್ಬೇಕು ಅಂತ ಎಲ್ಲಾರ ಬರ್ದವ್ರಾ?”

“ಇಲ್ಲ. ಆದ್ರೆ ಸೀಸನ್ನಲ್ಲಿ ಕಾರ್ಖಾನೆ ತಿಂಗಳುಗಟ್ಲೆ ನಿಲ್ಲಲ್ಲ ಸಾರ್. ಷರಾ ಅಂತ ಒಂದೇ ಸಾಲು ಸೇರಿಸ್ತೀನಿ.”

“ಏನಂತ ಸೇರಿಸ್ತೀಯ? ಆರು ಗಂಟೆ ಮೇಲೆ ಯಾವ್ದೂ ಆನ್ ಇರಬಾರ್ದು ಅನ್ನೋದು ನಮ್ದೇ ರೂಲು. ಅಟೆಂಡರ್ ಫೋನ್ ಚಾರ್ಜಿಗೆ ಹಾಕ್ಕೊಂಡ, ಅದ್ರಿಂದ ಕಂಡುಹಿಡುದ್ವಿ ಅಂತ್ಲಾ? ಆಡಿಟ್‌ನೋರು ಓದಿದ್ರೆ ಲ್ಯಾಬಿಗೇ ಬೀಗ ಕಣಮ್ಮ. ರೂಲು ಮುರಿದು ಬಂದ ರಿಸಲ್ಟು ರಿಸಲ್ಟೇ ಅಲ್ಲ.”

“ಹಂಗಾದ್ರೆ ಅನುಮತಿ ತಗೊಂಡು ಇನ್ನೊಂದನ್ನ ಇವತ್ತಿಂದ ಓಡ್ಸೋಣ.”

“ಓಡ್ಸು, ಯಾರ್ ಬ್ಯಾಡ ಅಂದ್ರು? ಈ ಪತ್ರ ಮಾತ್ರ ಐದು ಗಂಟೆಗೆ ಹೋಗ್ಬೇಕು. ಬುಡು, ತಲೆ ಕೆಡಿಸ್ಕೋಬೇಡ.”

ಅರ್ಪಿತ ತನ್ನ ಮೇಜಿಗೆ ಬಂದು ಪ್ರಮಾಣಪತ್ರವನ್ನು ಮೊದಲಿನಿಂದ ಓದಿದಳು. ಸಹಿ ಹಾಕುವುದಿಲ್ಲ ಎನ್ನಲು ಅವಳಿಗೆ ಅದರಲ್ಲಿ ಒಂದೇ ಒಂದು ಸುಳ್ಳು ಬೇಕಿತ್ತು. ಸಾಧನದ ಹೆಸರು ಸರಿ, ತಾರೀಖು ಸರಿ, ನೂರ ನಲವತ್ತೆರಡು ಫಲಿತಾಂಶಗಳೂ ಅವಳೇ ಬರೆದಂತೆ ಇದ್ದವು. ‘ಮೇಲಿನ ಪರೀಕ್ಷೆಗಳ ಮಟ್ಟಿಗೆ ಸಾಧನ ನಿಯಮಕ್ಕೆ ಅನುಗುಣವಾಗಿದೆ’ ಎಂಬ ಕೊನೆಯ ಸಾಲೂ ನಿಜವೇ. ನಾಲ್ಕು ಐವತ್ತಕ್ಕೆ ಸಹಿ ಹಾಕಿದಳು.

ಬಸ್‌ಸ್ಟಾಪಿನಿಂದ, ದುದ್ದದ ಊರಮನೆಯಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು.

“ಅಣ್ಣ, ಈ ಸಲ ಕ್ಯಾರಿಯರ್‌ಗೆ ಹೊಸ ಡಬ್ಬಿ ಕೂರಿಸ್ತಾರೆ. ಇಪ್ಪತ್ತು ದಿನಕ್ಕೊಂದ್ಸಲ ಅದನ್ನ ಆಫ್ ಮಾಡಿ ಆನ್ ಮಾಡಿಸು. ಮರೀಬೇಡ.”

“ಸೀಸನ್ ಮಧ್ಯ ಕ್ಯಾರಿಯರ್ ನಿಲ್ಸಕ್ಕೆ ನಾನೇನು ಕಾರ್ಖಾನೆ ಓನರ್ರಾ? ಪೇಪರಲ್ಲಿ ಅಂಗಂತ ಬರ್ದದಾ?”

“ಇಲ್ಲ.”

“ಪೇಪರಿಗೆ ಸೈನ್ ಯಾರ್ದು?”

“ನಂದು.”

ಪುಟ್ಟರಾಜು ನಕ್ಕುಬಿಟ್ಟ. “ಓದ್ದೋಳು ನೀನೇ ಬರೀನಿಲ್ಲ. ಕಬ್ಬು ಕೆದಕೋನು ನಾನೇಳುದ್ರೆ ಯಾರ್ ಕೇಳ್ತಾರೆ ಕಣಮ್ಮಿ?”

ಅರ್ಪಿತ ಬಸ್ಸು ಬಂತೆಂದು ಹೇಳಿ ಫೋನ್ ಇಟ್ಟಳು; ಬಸ್ಸು ಇನ್ನೂ ಬಂದಿರಲಿಲ್ಲ.

ಸೋಮವಾರ, ಪ್ಲಗ್ ಬದಲಿಸಿದ್ದಕ್ಕೆ ಅಂಕಯ್ಯನಿಗೆ ಮೆಮೊ ಕೊಟ್ಟರು. ಇನ್ನೊಂದು ಡಬ್ಬಿಯನ್ನು ರಾತ್ರಿಯೂ ಓಡಿಸಲು ಅರ್ಪಿತ ಕೇಳಿದ ಅನುಮತಿ ಬರಲೇ ಇಲ್ಲ. ಜುಲೈ ಹದಿನಾಲ್ಕರಂದು ಕಾರ್ಖಾನೆ ಹೊಸ ಡಬ್ಬಿಗಳೊಂದಿಗೆ ಕಬ್ಬು ಅರೆಯಲು ಶುರು ಮಾಡಿತು. ಪುಟ್ಟರಾಜು ಮೊದಲ ಪಾಳಿಯಲ್ಲಿದ್ದ.